ಏಣಿರಾಯರ ಹನ್ನೊಂದನೆಯ ಮೆಟ್ಟಿಲು

ಏಣಿರಾಯರು ಕೂರುವ ಮುನ್ನ ಕುರ್ಚಿಯನ್ನು ಅಲ್ಲಾಡಿಸಿ ನೋಡುತ್ತಾರೆ. ಇಷ್ಟೇ ಸಂಗತಿ. ಆದರೆ ನಮ್ಮ ಬೀದಿ ಇಷ್ಟೇ ಸಂಗತಿಯನ್ನು ಇಷ್ಟಕ್ಕೇ ಬಿಡುವ ಪೈಕಿಯಲ್ಲ.

ಬೀದಿಯ ಪ್ರಕಾರ ಅವರು ಹುಟ್ಟಿದಾಗ ಮೊದಲು ತೊಟ್ಟಿಲನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. ಭದ್ರವಾಗಿದೆ ಎಂದು ಖಾತ್ರಿಯಾದ ಮೇಲಷ್ಟೇ ಅಳಲು ಶುರುಮಾಡಿದರು. ಹಲ್ಲಿನ ಡಾಕ್ಟರ ಕುರ್ಚಿಯನ್ನು ಅಲ್ಲಾಡಿಸಿದಾಗ ಕೆಳಗಿನಿಂದ ಹೆಬ್ಬೆರಳು ಗಾತ್ರದ ತಿರುಪೊಂದು ಉದುರಿ, ಡಾಕ್ಟರರೇ ಸ್ವಲ್ಪ ಹೊತ್ತು ಬೆವರೊರೆಸಿಕೊಳ್ಳುತ್ತ ಸ್ಟೂಲಿನ ಮೇಲೆ ಕೂತರು. ಅಂಚೆ ಕಚೇರಿಯ ಕಟ್ಟಡಕ್ಕೆ ಒಮ್ಮೆ ಭುಜ ಕೊಟ್ಟು ನೋಡಿದರೆಂದೂ, ಅದು ಅಲ್ಲಾಡಲಿಲ್ಲವೆಂದೂ, ಅಂದಿನಿಂದ ಒಳಗಿನವರು ಮಧ್ಯಾಹ್ನ ನೆಮ್ಮದಿಯಾಗಿ ತೂಕಡಿಸುತ್ತಿದ್ದಾರೆಂದೂ ಮೂಲೆಯಂಗಡಿಯ ದರ್ಜಿ ಹೇಳುತ್ತಾನೆ. ದರ್ಜಿ ಹೇಳಿದ್ದರಲ್ಲಿ ಅರ್ಧ ಕತ್ತರಿಸಿ, ಉಳಿದರ್ಧವನ್ನು ಮಡಿಚಿ ಹೊಲಿದರೆ ನಿಜದ ಅಳತೆ ಸಿಗುತ್ತದೆ. ಆದರೂ ಈ ಬೀದಿಯಲ್ಲಿ ಯಾರ ಮನೆಗೆ ಹೊಸ ಮೇಜು ಬರಲಿ, ಮಂಚ ಬರಲಿ, ಏಣಿರಾಯರು ಬಂದು ಒಮ್ಮೆ ಅಲ್ಲಾಡಿಸಿ 'ಹೂಂ' ಎನ್ನುವವರೆಗೆ ಅದರ ಮೇಲೆ ಭಾರ ಹಾಕುವ ಧೈರ್ಯ ಯಾರಿಗೂ ಇಲ್ಲ.

ಅವರ ವೃತ್ತಿ ಮೇಲ್ಮಹಡಿಗಳ ಕಿಟಕಿ ಗಾಜು ಒರೆಸುವುದು. ನಾಲ್ಕು ಬೀದಿ, ಎರಡು ಬ್ಯಾಂಕು, ಒಂದು ಗ್ರಂಥಾಲಯ ಅವರ ಸಾಮ್ರಾಜ್ಯ. ಸೇನೆಯಲ್ಲಿ ಒಂದು ಅಲ್ಯೂಮಿನಿಯಂ ಏಣಿ, ಎರಡು ಬಕೆಟ್, ಸೋಪಿನ ನೀರು ಹಚ್ಚುವ ಕುಂಚ, ನೀರೆಳೆಯುವ ರಬ್ಬರ್ ಪಟ್ಟಿ, ಅಂಚು ಒರೆಸಲು ಸೊಂಟಕ್ಕೆ ಸಿಕ್ಕಿಸಿದ ಹಳೆಯ ಬನಿಯನ್, ಮತ್ತು ಹೆಂಡತಿ. ಹೆಂಡತಿಯನ್ನು ಕೊನೆಗೆ ಹೇಳಿದ್ದಕ್ಕೆ ಯಾರೂ ಹುಬ್ಬೇರಿಸಬೇಕಿಲ್ಲ; ಮೆರವಣಿಗೆಯಲ್ಲಿ ದಂಡನಾಯಕರು ಕೊನೆಗೇ ಬರುವುದು. ಅವರನ್ನು ಬೀದಿಯೆಲ್ಲ ಅಕ್ಕ ಎನ್ನುತ್ತದೆ. ರಾಯರಿಗಿಂತ ಹಿರಿಯರೂ ಅಕ್ಕ ಎನ್ನುತ್ತಾರೆ. ರಾಯರೊಬ್ಬರು ಮಾತ್ರ 'ಇವಳೇ' ಎನ್ನುತ್ತಾರೆ.

ಕೆಲಸ ಹಂಚಿಕೊಂಡಿದ್ದು ಹೀಗೆ: ಹೊರಮೈ ರಾಯರದ್ದು, ಒಳಮೈ ಅಕ್ಕನದ್ದು. ಏಣಿಯ ತಲೆಯನ್ನು ಕಟ್ಟಲು ಕಿಟಕಿಗೆ ಸರಳುಗಳಿದ್ದರೆ ಹಗ್ಗ ಬಿಗಿದು ಅಕ್ಕ ಒಳಗೆ ಹೋಗುತ್ತಾರೆ. ಕಟ್ಟಲು ಏನೂ ಇಲ್ಲದಿದ್ದರೆ ಕೆಳಗೆ ನಿಂತು ಏಣಿ ಹಿಡಿಯುತ್ತಾರೆ. ರಾಯರು ಏಣಿ ಇಡುವುದನ್ನು ನೋಡಲು ಕೆಲಸವಿಲ್ಲದವರು ಬಂದು ನಿಲ್ಲುವುದುಂಟು. ರಾಯರು ಏಣಿಯ ಬುಡಕ್ಕೆ ಕಾಲ್ಬೆರಳು ತಾಗಿಸಿ ನೆಟ್ಟಗೆ ನಿಂತು ಕೈ ಚಾಚುತ್ತಾರೆ. ಅಂಗೈ ಎದುರಿನ ಮೆಟ್ಟಿಲ ಮೇಲೆ ಸರಿಯಾಗಿ ಕೂತರೆ ಓರೆ ಸರಿ. ಇಲ್ಲವಾದರೆ ಬುಡ ಸರಿಸಿ ಮತ್ತೆ ಮೊದಲಿನಿಂದ. ಆಮೇಲೆ ಅಲ್ಲಾಡಿಸುವ ವಿಧಿ. ಏಣಿಯ ತಲೆ ಎಂದೂ ಗಾಜಿಗೆ ಒರಗುವಂತಿಲ್ಲ, ಗೋಡೆಗೇ ಒರಗಬೇಕು. ಮೇಲೆ ಹೋದ ಮೇಲೆ ಹೊಕ್ಕುಳು ಏಣಿಯ ಎರಡು ಕಂಬಗಳ ನಡುವೆಯೇ ಇರಬೇಕು. "ಹೊಕ್ಕುಳು ಹೊರಗೆ ಹೋಯ್ತು ಅಂದ್ರೆ ಹಿಂದೇನೇ ಯಜಮಾನನೂ ಹೋಗ್ತಾನೆ" ಎಂದು ಅವರು ಬ್ಯಾಂಕಿನ ಮ್ಯಾನೇಜರಿಗೆ ಒಮ್ಮೆ ವಿವರಿಸಿದ್ದರು. ಮ್ಯಾನೇಜರು ತಮ್ಮ ಹೊಟ್ಟೆಯ ಕಡೆ ನೋಡಿಕೊಂಡು, ತಾವು ಎಂದೂ ಏಣಿ ಹತ್ತುವುದಿಲ್ಲ ಎಂದು ಮಾತುಕೊಟ್ಟರು.

ಗಾಜಿನ ಆಚೆ ಒಬ್ಬರು, ಈಚೆ ಒಬ್ಬರು ನಿಂತಾಗ ಒಂದು ತೊಂದರೆ ಬರುತ್ತದೆ. ಎಲ್ಲ ಒರೆಸಿ ಮುಗಿದ ಮೇಲೆ ಒಂದು ಗೆರೆ ಉಳಿದಿರುತ್ತದೆ. ರಾಯರು ಹೊರಗಿನಿಂದ ಬೆರಳಿಟ್ಟು ತೋರಿಸುತ್ತಾರೆ: ನಿನ್ನ ಕಡೆ. ಅಕ್ಕ ಒಳಗಿನಿಂದ ಅದೇ ಜಾಗಕ್ಕೆ ಬೆರಳಿಟ್ಟು ತೋರಿಸುತ್ತಾರೆ: ನಿಮ್ಮ ಕಡೆ. ಇಬ್ಬರೂ ಒಮ್ಮೆ ಒರೆಸುತ್ತಾರೆ, ಗೆರೆ ಹೋಗುತ್ತದೆ, ಯಾರ ಕಡೆಯದು ಎಂಬುದು ಇತ್ಯರ್ಥವಾಗದೇ ಉಳಿಯುತ್ತದೆ. ಇಪ್ಪತ್ತಾರು ವರ್ಷದ ದಾಂಪತ್ಯದಲ್ಲಿ ಅವರ ಮುಖ್ಯ ಜಗಳಗಳೆಲ್ಲ ಗಾಜಿನ ಮೂಲಕವೇ ನಡೆದಿದ್ದರಿಂದ ಹೊರಗಿನವರಿಗೆ ಶಬ್ದ ಕೇಳಿಸಿಲ್ಲ. ಬೀದಿ ಅವರನ್ನು ಆದರ್ಶ ದಂಪತಿ ಎನ್ನುತ್ತದೆ.

ಹೀಗಿರಲಾಗಿ ಒಂದು ಬೆಳಿಗ್ಗೆ ರಾಯರು ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರು. ಕೋಣೆ ಗಿರ್ರನೆ ತಿರುಗಿತು. ಅವರು ಮಂಚ ಹಿಡಿದು ಅಲ್ಲಾಡಿಸಿ ನೋಡಿದರು. ಮಂಚ ಗಟ್ಟಿಯಾಗಿತ್ತು. ಗೋಡೆ ತಟ್ಟಿ ನೋಡಿದರು. ಗೋಡೆ ಗಟ್ಟಿಯಾಗಿತ್ತು. ಐವತ್ತೆಂಟು ವರ್ಷ ಲೋಕವನ್ನೆಲ್ಲ ಪರೀಕ್ಷೆ ಮಾಡಿದವರಿಗೆ ಅಂದು ಮೊದಲ ಬಾರಿಗೆ ಗೊತ್ತಾಯಿತು, ಅಲ್ಲಾಡುತ್ತಿರುವುದು ತಾವೇ ಎಂದು.

ಅಕ್ಕನಿಗೆ ರಬ್ಬರ್ ಪಟ್ಟಿ ತರುತ್ತೇನೆಂದು ಹೇಳಿ ಕಿವಿ ಡಾಕ್ಟರ ಬಳಿ ಹೋದರು. ಡಾಕ್ಟರು ಅವರ ತಲೆಯನ್ನು ಆ ಕಡೆ ಈ ಕಡೆ ಹೊರಳಿಸಿ, ಕಣ್ಣು ನೋಡಿ ಹೇಳಿದರು: "ಕಿವಿ ಒಳಗೆ ಸಣ್ಣ ಸಣ್ಣ ಹರಳು ಇರ್ತವೆ. ನಿಮ್ಮದು ಜಾಗ ತಪ್ಪಿವೆ. ತಲೆ ಮೇಲೆತ್ತಿದಾಗ, ಹೊರಳಿಸಿದಾಗ ತಿರುಗುತ್ತೆ. ಮುಂದಿನ ವಾರದಿಂದ ಬನ್ನಿ, ಸರಿಮಾಡೋಣ. ಏನು ಕೆಲಸ ನೀವು?"

"ಗಾಜು ಒರೆಸೋದು."

"ಒಳ್ಳೇದು, ಕೂತು ಮಾಡೋ ಕೆಲಸ ಅಲ್ವಾ?"

"ಹೂಂ... ಬಹಳ ಮಟ್ಟಿಗೆ."

"ಹಾಗಾದ್ರೆ ಸರಿ. ಏಣಿಗೀಣಿ ಹತ್ಬೇಡಿ."

ಮನೆಗೆ ಬಂದರು. ಹೇಳಲಿಲ್ಲ. ಭಾನುವಾರ ಹೇಳೋಣ ಅಂದುಕೊಂಡರು. ಭಾನುವಾರ ಬಂತು, ಹೋಯಿತು. ಹೀಗೆ ಮೂರು ಭಾನುವಾರಗಳು ಬಂದು ಹೋದವು. ಡಾಕ್ಟರ ಕಡೆಗೂ ತಲೆ ಹಾಕಲಿಲ್ಲ. ಕಾರಣ ಸರಳ. ಏಣಿ ಹತ್ತದ ಏಣಿರಾಯರನ್ನು ಬೀದಿ ಏನೆಂದು ಕರೆಯುತ್ತದೆ? ಹೆಂಡತಿ ಏಣಿಯನ್ನು ಮಾಳಿಗೆಗೆ ಎತ್ತಿಟ್ಟರೆ ಆಮೇಲೆ ಬೆಳಿಗ್ಗೆ ಎದ್ದು ಮಾಡುವುದಾದರೂ ಏನು? ಇವೆರಡು ಪ್ರಶ್ನೆ ಅವರ ಎದೆಯ ಮೇಲೆ ಎರಡು ತುಂಬಿದ ಬಕೆಟಿನಂತೆ ಕೂತಿದ್ದವು.

ಹಾಗಾಗಿ ಅವರು ಹೊಸದೊಂದು ಸಿದ್ಧಾಂತವನ್ನು ಹುಟ್ಟುಹಾಕಿದರು. ಕಿಟಕಿಯನ್ನು ಒಳಗಿನಿಂದಲೇ ಒರೆಸಬೇಕು. "ಹೊರಗಿಂದ ಹತ್ತಿ ಒರೆಸೋದು ಹುಡುಗಾಟಿಕೆ" ಎಂದು ಉಪದೇಶ ಶುರುವಾಯಿತು. ಜಾರುವ ಕಿಟಕಿಯ ಬಾಗಿಲನ್ನು ಹಳಿಯಿಂದ ಎತ್ತಿ ತೆಗೆದು, ನೆಲಕ್ಕೆ ಕಂಬಳಿ ಹಾಸಿ ಅದರ ಮೇಲಿಟ್ಟು, ಎರಡೂ ಮೈ ಒರೆಸುವುದು. ತೆರೆಯುವ ಕಿಟಕಿಯಾದರೆ ಕುತ್ತಿಗೆ ಬಾಗಿದ ಕೋಲನ್ನು ಹೊರಗೆ ಚಾಚುವುದು, ಎರಡೂ ಪಾದ ಕೋಣೆಯ ನೆಲದ ಮೇಲೆ, ಒಂದು ಕೈ ಚೌಕಟ್ಟಿನ ಮೇಲೆ. ಕಿಟಕಿಯ ಕಟ್ಟೆಯ ಮೇಲೆ ಕೂರುವವರನ್ನು ಅವರು ಕನಿಕರದಿಂದ ನೋಡತೊಡಗಿದರು. ಉಪದೇಶದಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅದನ್ನು ಮಾಡುತ್ತಿದ್ದ ಕಾರಣ ಮಾತ್ರ ಬೇರೆಯಿತ್ತು.

"ವಯಸ್ಸಾಯ್ತು, ಬುದ್ಧಿ ಬಂತು" ಎಂದಿತು ಬೀದಿ.

"ವಯಸ್ಸಾಯ್ತು, ಮೈಗಳ್ಳತನ ಬಂತು" ಎಂದರು ಅಕ್ಕ.

ಗುರುವಾರ ಹೆಡ್‌ಮಿಸ್ಸಿನ ಕರೆ ಬಂತು. ಹೆಡ್‌ಮಿಸ್ ಎಂದರೆ ಶಾಲೆಯಿಂದ ನಿವೃತ್ತರಾಗಿ ಒಂಬತ್ತು ವರ್ಷವಾದರೂ ಬೀದಿಯಲ್ಲಿ ಗದ್ದಲವಾದರೆ ಇಂದಿಗೂ ಚಪ್ಪಾಳೆ ತಟ್ಟಿ ಸುಮ್ಮನಾಗಿಸುವ ಹೆಂಗಸು. ಅವರ ಒಡಹುಟ್ಟಿದ ಅಕ್ಕನಿಗೆ ಎರಡೂ ಕಣ್ಣಿನ ಪೊರೆ ತೆಗೆದಿದ್ದರು. ಶನಿವಾರ ಮನೆಗೆ ಬರುವವರಿದ್ದರು.

"ಆರು ವರ್ಷದಿಂದ ಅವಳಿಗೆ ಧೂಳು ಕಾಣ್ತಿರ್ಲಿಲ್ಲ. ಹಾಗಾಗಿ ನಾನೂ ನೋಡ್ತಿರ್ಲಿಲ್ಲ" ಎಂದರು ಹೆಡ್‌ಮಿಸ್, ಮೆಟ್ಟಿಲ ತಿರುವಿನ ದೊಡ್ಡ ಗಾಜನ್ನು ತೋರಿಸುತ್ತ. "ಈಗ ಕಾಣುತ್ತೆ. ಬಂದ ತಕ್ಷಣ ಇದನ್ನ ನೋಡಿ ಇನ್ನಾರು ವರ್ಷ ನನ್ನ ತಲೆ ತಿಂತಾಳೆ."

ಗಾಜು ಮೊದಲ ಮಹಡಿಗೂ ಎರಡನೆಯ ಮಹಡಿಗೂ ನಡುವೆ ಇತ್ತು. ಚೌಕಟ್ಟಿಗೇ ಕೂರಿಸಿದ್ದು, ತೆರೆಯುವುದಿಲ್ಲ, ಜಾರುವುದಿಲ್ಲ. ರಾಯರು ಅದನ್ನು ಎಲ್ಲ ಕಡೆಯಿಂದ ತಳ್ಳಿ ನೋಡಿದರು. ಅವರ ಸಿದ್ಧಾಂತಕ್ಕೆ ಅಲ್ಲಿ ನುಸುಳಲು ಸಂದೇ ಇರಲಿಲ್ಲ. ಕೆಳಗೆ ಅಂಗಳಕ್ಕೆ ಬಂದು ಉದ್ದ ಕೋಲಿಗೆ ಕುಂಚ ಕಟ್ಟಿ ನಿಂತಲ್ಲಿಂದಲೇ ತಿಕ್ಕಿದರು. ಧೂಳು ಹೋಯಿತು. ಆದರೆ ಹೋದ ವರ್ಷ ಸುಣ್ಣ ಬಳಿದವರು ಸಿಡಿಸಿದ ಹನಿಗಳು ಹೋಗಲಿಲ್ಲ. ಹೋಗುವುದಿರಲಿ, ಸುತ್ತಲಿನ ಧೂಳು ತೊಳೆದದ್ದರಿಂದ ಇನ್ನೂ ಬೆಳ್ಳಗೆ ಕಾಣತೊಡಗಿದವು.

"ಕೆರೀಬೇಕು" ಎಂದರು ಅಕ್ಕ. "ನೆನೆಸಿ, ಬ್ಲೇಡಲ್ಲಿ ಕೆರೀಬೇಕು. ಏಣಿ ತರ್ಲಾ?"

ಹೆಡ್‌ಮಿಸ್ ನೋಡುತ್ತಿದ್ದರು. ಎದುರಿನ ಅಂಗಡಿಯಿಂದ ದರ್ಜಿ ನೋಡುತ್ತಿದ್ದ. 'ನನ್ನ ಕೈಲಾಗಲ್ಲ' ಎಂಬ ಎರಡು ಪದ ರಾಯರ ನಾಲಿಗೆಯ ತುದಿಯವರೆಗೆ ಬಂದು, ಅಲ್ಲಿ ಜನ ಸೇರಿರುವುದನ್ನು ಕಂಡು ಹಿಂದೆ ಹೋದವು.

"ತಾ" ಎಂದರು.

ಅಂದು ಏಣಿಯನ್ನು ಅಲ್ಲಾಡಿಸಿದಷ್ಟು ಅವರು ಹಿಂದೆಂದೂ ಅಲ್ಲಾಡಿಸಿರಲಿಲ್ಲ. ಬುಡ ಮೂರು ಸಲ ಸರಿಸಿದರು. ಕಲ್ಲಿನ ನೆಲ ಒಣಗಿದೆಯೇ ಎಂದು ಬಗ್ಗಿ ಮುಟ್ಟಿದರು. ಷೂ ತಳ ಒರೆಸಿದರು, ಮತ್ತೆ ಒರೆಸಿದರು. ದರ್ಜಿ ಅಷ್ಟರಲ್ಲಿ ಎರಡು ಗುಂಡಿ ಹೊಲಿದು ಮುಗಿಸಿದ. ಗೋಡೆಯಲ್ಲಿ ಹಗ್ಗ ಕಟ್ಟಲು ಒಂದು ಮೊಳೆಯೂ ಇರಲಿಲ್ಲವಾದ್ದರಿಂದ ಅಕ್ಕ ಬುಡದಲ್ಲಿ ನಿಂತು ಎರಡೂ ಕಂಬ ಹಿಡಿದರು. ರಾಯರು ಹತ್ತಿದರು.

ಹನ್ನೊಂದನೆಯ ಮೆಟ್ಟಿಲಲ್ಲಿ ಗಾಜು ಎದೆಯ ಮಟ್ಟಕ್ಕೆ ಬಂತು. ಎಡಗೈ ಏಣಿಯ ಮೇಲೆ, ಬಲಗೈಯಲ್ಲಿ ಬ್ಲೇಡು. ಹನಿಗಳನ್ನು ಒದ್ದೆ ಮಾಡಿ, ಓರೆಯಾಗಿ ಹಿಡಿದು ಒಂದೇ ದಿಕ್ಕಿಗೆ ಕೆರೆಯುತ್ತ ಹೋದರು. ಒಂದು, ಎರಡು, ಆರು. ಎಲ್ಲ ಸುಸೂತ್ರ. ಎದುರಿಗೆ ನೋಡಿಕೊಂಡು ಮಾಡುವ ಕೆಲಸಕ್ಕೆ ಹರಳುಗಳ ತಕರಾರಿರಲಿಲ್ಲ. ರಾಯರಿಗೆ ಧೈರ್ಯ ಬಂತು. ಇಪ್ಪತ್ತಾರು ವರ್ಷದ ಅಭ್ಯಾಸದಂತೆ, ಮೇಲಿನ ಅಂಚಿನಲ್ಲಿ ಏನಾದರೂ ಉಳಿದಿದೆಯೇ ಎಂದು ತಲೆಯೆತ್ತಿ ನೋಡಿದರು.

ಗೋಡೆ, ಗಾಜು, ಆಕಾಶ ಮೂರೂ ಕೈಕೈ ಹಿಡಿದು ತಿರುಗಿದವು. ರಾಯರು ಎರಡೂ ತೋಳಿನಲ್ಲಿ ಏಣಿಯನ್ನು ತಬ್ಬಿ ಕಣ್ಣು ಮುಚ್ಚಿದರು. ಬ್ಲೇಡು ಕೈಜಾರಿ, ಮಣಿಕಟ್ಟಿಗೆ ಕಟ್ಟಿದ್ದ ದಾರದಲ್ಲಿ ನೇತಾಡಿತು.

ಇಪ್ಪತ್ತಾರು ವರ್ಷ ಏಣಿ ಹಿಡಿದ ಕೈಗೆ ಏಣಿಯೇ ದೂರವಾಣಿ. ಮೇಲೆ ರಾಯರು ರಬ್ಬರ್ ಎಳೆದರೆ ಒಂದು ಬಗೆಯ ಅದುರು, ಕೆಮ್ಮಿದರೆ ಇನ್ನೊಂದು ಬಗೆ, ಪಕ್ಕದ ಮನೆಯ ಕಿಟಕಿಯೊಳಗೆ ಟೀವಿಯಲ್ಲಿ ಆಟ ನೋಡುತ್ತ ನಿಂತರೆ ಅದುರೇ ಇಲ್ಲ; ಆಗ ಅಕ್ಕ ಏಣಿಗೆ ಒಂದು ಏಟು ಹಾಕುತ್ತಿದ್ದರು. ಈಗ ಬಂದದ್ದು ಅವರು ಎಂದೂ ಕೇಳದ ಸುದ್ದಿ. ಸಣ್ಣಗೆ, ಬಿಡದೆ, ಚಳಿಗೆ ಹಲ್ಲು ಕಡಿದಂಥ ನಡುಕ. ಅಕ್ಕ ಎರಡೂ ಪಾದಗಳನ್ನು ಏಣಿಯ ಬುಡಕ್ಕೆ ಒತ್ತಿ, ಮೈಭಾರವನ್ನೆಲ್ಲ ಮುಂದಕ್ಕೆ ಹಾಕಿದರು. ದನಿ ಮಾತ್ರ ಏರಿಸಲಿಲ್ಲ.

"ರೀ."

ಏಣಿಯ ನಡುಕ ನಿಲ್ಲಲಿಲ್ಲ.

"ಕಣ್ಣು ಮುಚ್ಚಿದೀರಾ?"

"ಹೂಂ."

"ತೆಗೀರಿ. ಎದುರಿಗಿರೋ ಗೋಡೆ ನೋಡಿ. ಮೇಲೂ ಬೇಡ, ಕೆಳಗೂ ಬೇಡ."

"ಗೋಡೆ ತಿರುಗ್ತಿದೆ ಕಣೇ."

"ತಿರುಗ್ಲಿ ಬಿಡಿ. ಎಷ್ಟೊತ್ತು ಅಂತ ತಿರುಗುತ್ತೆ? ಅದಕ್ಕೂ ಸುಸ್ತಾಗುತ್ತೆ."

ದರ್ಜಿ ಕೊರಳಿಗೆ ಟೇಪು ಹಾಕಿಕೊಂಡು ಹೊರಗೆ ಬಂದ. "ಏನ್ ರಾಯ್ರೇ, ಅಲ್ಲೇ ಸಂಸಾರ ಹೂಡ್ಬಿಟ್ರಾ?"

"ಗಾಜಿನ ಗುಣಮಟ್ಟ ನೋಡ್ತಿದಾರೆ" ಎಂದರು ಅಕ್ಕ, ತಿರುಗಿಯೂ ನೋಡದೆ.

"ಕಣ್ಣು ಮುಚ್ಕೊಂಡಾ?"

"ಅನುಭವ ಇರೋರು ಹಾಗೇ ನೋಡೋದು. ನೀನು ಹೋಗಿ ನಿನ್ನ ಕಾಜ ನೋಡ್ಕೋ, ಹೋದ್ಸಲ ಒಂದು ಅಂಗಿಗೆ ಎರಡೂ ಕಡೆ ಗುಂಡಿ ಹೊಲಿದಿದ್ದೆ."

ದರ್ಜಿ ಒಳಗೆ ಹೋದ. ಅರ್ಧ ನಿಮಿಷ ಕಳೆಯಿತು. ಗೋಡೆ ನಿಧಾನವಾಗಿ, ಬೇಸರದಿಂದ ಎಂಬಂತೆ, ತನ್ನ ಜಾಗಕ್ಕೆ ಬಂದು ನಿಂತಿತು.

"ನಿಲ್ತಾ?"

"ನಿಲ್ತು."

"ಹಾಗಾದ್ರೆ ಎಡಗಾಲು ಇಳಿಸಿ. ಗೋಡೆ ನೋಡ್ತಾನೇ ಇರಿ. ಅಡುಗೆಮನೆ ನಲ್ಲಿ ಸೋರ್ತಿದೆಯಲ್ಲ, ಯಾವಾಗ ಸರಿಮಾಡ್ತೀರಿ?"

"ಆಂ?"

"ನಲ್ಲಿ. ಯಾವಾಗ?"

"ನಾ... ನಾಳೆ."

"ಬಲಗಾಲು. ನಮ್ಮಣ್ಣ ಬಂದಾಗ ಪೇಪರ್ ಹಿಂದೆ ಮುಖ ಬಚ್ಚಿಟ್ಕೊಂಡು ಕೂರ್ತೀರಲ್ಲ, ಅದು?"

"ಮಾತಾಡಿಸ್ತೀನಿ."

"ಎಷ್ಟೊತ್ತು?"

"ಹತ್ತು ನಿಮಿಷ."

"ಅರ್ಧ ಗಂಟೆ. ಎಡಗಾಲು."

ಹೀಗೆ ಮೆಟ್ಟಿಲಿಗೊಂದರಂತೆ ರಾಯರು ಇಳಿದು ಬಂದರು. ಕಾಲು ಏಣಿಯ ಮೇಲಿತ್ತು, ಮನಸ್ಸು ಮಾತ್ರ ಮನೆಯೊಳಗೆ ನಲ್ಲಿ, ಭಾವಮೈದುನ, ಮಂಚದ ಕೆಳಗಿನ ಕೆಟ್ಟ ರೇಡಿಯೋ ಎಂದು ಓಡಾಡುತ್ತಿತ್ತು. ಹೆದರಲು ಅದಕ್ಕೆ ಪುರುಸೊತ್ತಿರಲಿಲ್ಲ. ಸೋತ ದೊರೆಗಳು ಕೋಟೆಯಿಂದ ಇಳಿಯುವಾಗ ಕಪ್ಪಕಾಣಿಕೆ ಒಪ್ಪಿಸುವಂತೆ, ನೆಲ ಮುಟ್ಟುವಷ್ಟರಲ್ಲಿ ರಾಯರು ಹತ್ತು ವರ್ಷದಿಂದ ಬಿಟ್ಟುಕೊಡದ ಸಮಸ್ತವನ್ನೂ ಬಿಟ್ಟುಕೊಟ್ಟಿದ್ದರು.

ಅಂಗಳದ ಕಟ್ಟೆಯ ಮೇಲೆ ಕೂತರು. ಕೂರುವ ಮುಂಚೆ ಕಟ್ಟೆಯನ್ನು ಮುಟ್ಟಿಯೂ ನೋಡಲಿಲ್ಲ. ಆಗಲೇ ಹೆಡ್‌ಮಿಸ್ಸಿಗೆ ಇದು ಗಂಭೀರ ಎಂದು ಗೊತ್ತಾಗಿ ನೀರು ತರಲು ಒಳಗೆ ಓಡಿದರು.

"ಎಷ್ಟು ದಿನದಿಂದ?" ಎಂದರು ಅಕ್ಕ.

"ಒಂದು ತಿಂಗಳಾಯ್ತು. ಕಿವಿ ಒಳಗೆ ಹರಳಂತೆ. ಏಣಿ ಬೇಡ ಅಂದ್ರು ಡಾಕ್ಟರು."

"ರಬ್ಬರ್ ಪಟ್ಟಿ ತರೋಕೆ ಹೋದ ದಿನ?"

"ಹೂಂ."

"ಪಟ್ಟಿ ಸಿಗ್ಲಿಲ್ಲ ಅಂದ್ರಿ. ಇಷ್ಟು ದೊಡ್ಡ ಊರಲ್ಲಿ ಸಿಗ್ಲಿಲ್ವಾ ಅಂತ ನಾನು ಅಂದ್ಕೊಂಡೆ." ಅಕ್ಕ ಏಣಿಯ ಬುಡದತ್ತ ನೋಡಿದರು. "ನಿಮಗೆ ತಲೆ ತಿರುಗೋದು ತಪ್ಪಲ್ಲ ರೀ. ನಾನು ಕೆಳಗೆ ನಿಂತಿದ್ದೆ. ನೀವು ಬಿದ್ದಿದ್ರೆ ಯಾರ ಮೇಲೆ ಬೀಳ್ತಿದ್ರಿ?"

ಅದನ್ನು ರಾಯರು ಯೋಚಿಸಿರಲಿಲ್ಲ. ತಿಂಗಳಿಂದ ಅವರು ಬಿದ್ದ ಕನಸಿನಲ್ಲೆಲ್ಲ ಕೆಳಗೆ ಬರೀ ನೆಲವಿತ್ತು. ಅವರ ಮುಖ ಏಣಿಯ ಮೇಲೆ ಇಳಿದದ್ದಕ್ಕಿಂತ ಹೆಚ್ಚು ಇಳಿಯಿತು.

"ಮೇಲಿನ ಅಂಚಲ್ಲಿ ಇನ್ನೆಷ್ಟು ಹನಿ ಇದೆ?" ಎಂದು ಅಕ್ಕ ಕೇಳಿದರು.

"ನಾಲ್ಕು. ಯಾಕೆ?"

ಅಕ್ಕ ಅವರ ಮಣಿಕಟ್ಟಿನಿಂದ ಬ್ಲೇಡಿನ ದಾರ ಬಿಚ್ಚಿ ತಮ್ಮ ಮಣಿಕಟ್ಟಿಗೆ ಕಟ್ಟಿಕೊಳ್ಳುತ್ತಿದ್ದರು.

"ಲೇ, ನಿನಗೆ ಅಭ್ಯಾಸ ಇಲ್ಲ!"

"ಇಪ್ಪತ್ತಾರು ವರ್ಷ ಕೆಳಗಿಂದ ನೋಡಿದೀನಿ. ನೀವೇನೇನು ತಪ್ಪು ಮಾಡ್ತೀರಿ ಅಂತ ನಿಮಗಿಂತ ಚೆನ್ನಾಗಿ ಗೊತ್ತು."

ರಾಯರು ಬೇಡ ಎಂದರು. ಶುಕ್ರವಾರ ಬೇರೆ ಯಾರನ್ನಾದರೂ ಕರೆಯೋಣ ಎಂದರು. ಹೆಡ್‌ಮಿಸ್ಸಿನ ಅಕ್ಕನಿಗೆ ನಾಲ್ಕು ಹನಿ ಕಂಡರೆ ಏನೂ ಆಗುವುದಿಲ್ಲ, ಕಣ್ಣು ಸರಿಯಾಗಿದೆ ಎಂದು ಸಂತೋಷವಾಗುತ್ತದೆ ಎಂದರು. ಅಕ್ಕ ಅಷ್ಟರಲ್ಲಿ ಷೂ ಬಿಗಿಮಾಡಿಕೊಂಡು ಏಣಿಯ ಮುಂದೆ ನಿಂತಿದ್ದರು. ಕಾಲ್ಬೆರಳು ಬುಡಕ್ಕೆ ತಾಗಿಸಿ ಕೈ ಚಾಚಿದರು. ಅವರ ಕೈ ರಾಯರ ಕೈಗಿಂತ ಗಿಡ್ಡ.

"ಬುಡ ಸ್ವಲ್ಪ ಒಳಗೆ ಬರ್ಬೇಕು" ಎಂದು ರಾಯರ ಬಾಯಿಂದ ತಾನಾಗಿ ಬಂತು. ಎದ್ದು ಬಂದು ಸರಿಸಿದರು. ಆಮೇಲೆ ಕಂಬ ಹಿಡಿಯದೆ ಬೇರೆ ದಾರಿಯಿರಲಿಲ್ಲ.

ಮುಂದೆ ಏನಾಯಿತೆಂದು ಕೇಳುವವರಿಗೆ ಇಲ್ಲೇ ಹೇಳಿಬಿಡಬಹುದು: ಹರಳುಗಳು ಡಾಕ್ಟರ ಕೈಚಳಕದಿಂದ ಮೂರೇ ಭೇಟಿಗೆ ಸ್ವಸ್ಥಾನ ಸೇರಿದವು. ಆದರೆ ಏಣಿ ಅಂದು ರಾಯರ ಕೈಗೆ ಬಂದದ್ದು ಮತ್ತೆ ಅವರ ಕಾಲಿಗೆ ಹೋಗಲಿಲ್ಲ. ಬೀದಿ ಅವರ ಹೆಸರನ್ನೂ ಬದಲಿಸಲಿಲ್ಲ. ಹೆಸರು ಬದಲಿಸಲು ಬೀದಿಗೆ ಸೋಮಾರಿತನ. ಅದೆಲ್ಲ ಆಮೇಲಿನ ಮಾತು. ಆ ಮಧ್ಯಾಹ್ನ ರಾಯರಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಏಣಿಯ ಎರಡು ಕಂಬ, ಮತ್ತು ಅದರೊಳಗಿಂದ ಅಂಗೈಗೆ ಬರುತ್ತಿದ್ದ ಹೆಜ್ಜೆ. ಏಳು. ಎಂಟು. ಒಂಬತ್ತು. ಹತ್ತರಲ್ಲಿ ಅಕ್ಕ ನಿಂತು ಉಸಿರು ತೆಗೆದುಕೊಂಡರು. ರಾಯರೂ ತೆಗೆದುಕೊಂಡರು. ಹನ್ನೊಂದು. ಆಮೇಲೆ ಬ್ಲೇಡಿನ ಸಣ್ಣ ಕರಕರ ಶುರುವಾಯಿತು.

ಹೆಡ್‌ಮಿಸ್ ನೀರಿನ ಲೋಟ ಹಿಡಿದು ಬಂದವರು ಈ ದೃಶ್ಯ ಕಂಡು ಅಲ್ಲೇ ನಿಂತುಬಿಟ್ಟರು. ದರ್ಜಿಯೂ ಸೂಜಿ ಬಾಯಲ್ಲಿಟ್ಟುಕೊಂಡು ಹತ್ತಿರ ಬಂದ. ಮೂವತ್ತು ವರ್ಷ ಪಾಠ ಹೇಳಿದವರಿಗೆ ಇಂಥ ಗಳಿಗೆಯಲ್ಲಿ ಭಾಷಣ ಉಕ್ಕಿ ಬರುವುದು ಸಹಜ.

"ಏಣಿರಾಯರೇ" ಎಂದರು ಹೆಡ್‌ಮಿಸ್, ಶಾಲಾ ವಾರ್ಷಿಕೋತ್ಸವದ ದನಿಯಲ್ಲಿ. "ಇಷ್ಟು ವರ್ಷ ಎತ್ತರದಲ್ಲಿ ನಿಂತು ಇಡೀ ಬೀದಿಯನ್ನ ಕೆಳಗೆ ನೋಡಿದವರು ನೀವು. ಇವತ್ತು ನೆಲದ ಮೇಲೆ ನಿಂತು, ಹೆಂಡತಿಯನ್ನ ಆ ಎತ್ತರಕ್ಕೆ ಕಳಿಸಿದೀರಿ. ಈ ಗಳಿಗೇಲಿ ನಿಮ್ಮ ಮನಸ್ಸಲ್ಲಿ ಏನು ನಡೀತಿದೆ? ಒಂದು ಮಾತು ಹೇಳಿ."

ರಾಯರು ಗೋಡೆಯಿಂದ ಕಣ್ಣು ಕೀಳಲಿಲ್ಲ.

"ಆಮೇಲೆ ಮಾತಾಡಿಸಿ ಮಿಸ್. ಏಣಿ ಹಿಡ್ಕೊಂಡಿದೀನಿ."